ಮೇಲೆ ಸೂಟು, ಕೆಳಗೆ ಕಿಟಕಿಯಿಲ್ಲದ ಖೋಲಿ

ಪ್ರಶ್ನೆ: ಅಕ್ಕಾರ, ನಾನು ಬೆಟಗೇರಿಯ ಸೊಸಿ, ತವರು ಲಕ್ಷ್ಮೇಶ್ವರ. ನಮ್ಮದು ಸೀರಿ ವ್ಯಾಪಾರ, ಮುಂಡರಗಿ ಕಡೆ ಮಾವನವರದು ಸ್ವಲ್ಪ ಹೊಲ ಐತಿ. ಅತ್ತಿ-ಮಾವ ನಮ್ಮ ಜೋಡೀನ ಇರ್ತಾರ. ಮಾವನವರಿಗೆ ಶುಗರ್, ಅತ್ತಿಯವರಿಗೆ ಮೊಣಕಾಲು ನೋವು. ದವಾಖಾನಿ, ಗುಳಗಿ, ಪಥ್ಯ ಎಲ್ಲಾ ನನ್ನ ಕೈಯಾಗ. ಮೈದುನ ಸಿಂಗಪುರದಾಗ ಕಂಪನಿ ಕೆಲಸಕ್ಕ ಅದಾನ. ಬರೋ ವರ್ಷ ಅತ್ತಿ-ಮಾವನವರ ಮದುವಿಗೆ ಐವತ್ತು ವರ್ಷ ತುಂಬತಾವ. ಎಲ್ಲಾರನ್ನೂ ಸಿಂಗಪುರಕ್ಕ ಕರಿಸಿ, ಅಲ್ಲಿಂದ ಮೂರು ರಾತ್ರಿ ದೊಡ್ಡ ಹಡಗಿನಾಗ ಕರ್ಕೊಂಡು ಹೋಗ್ತೀನಿ ಅಂತ ಹೇಳ್ಯಾನ. ಖರ್ಚೆಲ್ಲಾ ಅವನದ. ಮ್ಯಾಲಿನ ಅಂತಸ್ತಿನಾಗ ಎರಡು ಬೆಡ್‌ರೂಮಿನ ಸೂಟು. ಅದರಾಗ ಅತ್ತಿ-ಮಾವ, ಮೈದುನ, ನೆಗೆಣ್ಣಿ, ಅವರ ಎರಡು ಮಕ್ಕಳು. ನಮ್ಮ ನಾಲ್ಕು ಮಂದಿಗೆ ಕೆಳಗ ಒಂದು ಖೋಲಿ. ಅದಕ್ಕ ಕಿಟಕಿನೂ ಇಲ್ಲಂತ. ಶಿರಹಟ್ಟಿಗೆ ಕೊಟ್ಟ ನಾದಿನಿ ಸುದ್ದಿ ಯಾರೂ ತಗದಿಲ್ಲ.

ಮನಿ ಗ್ರೂಪಿನಾಗ ಅವನು ಸೂಟಿನ ಫೋಟೋ ಹಾಕಿದಾಗ ಎಲ್ಲಾರೂ ಚಪ್ಪಾಳಿ ಒತ್ತಿದ್ರು, ನಾನೂ ಒತ್ತಿದೆ. ಒಳಗ ಮಾತ್ರ ಉರೀತು. ನಮ್ಮನಿಯವರು ಒಂದಿನ "ಪುಕಟ ಬಂದದ್ದಕ್ಕ ಹೆಸರಿಡಬಾರದು" ಅಂತಾರ, ಮರುದಿನ "ನಮ್ಮ ಪಾಲು ನಾವ ಕೊಡೂಣು, ಸೊಸೈಟಿಯಾಗ ಸಾಲ ತಗೀತೀನಿ" ಅಂತಾರ. ಅತ್ತಿಯವರನ್ನ ಕೇಳಿದ್ರ "ನೀವು ಹೆಂಗಂತೀರಿ ಹಂಗ" ಅಂತಾರ. ನಂದು ಹೊಟ್ಟಿಕಿಚ್ಚೇನ್ರೀ? ಹೋಗಬೇಕೋ, ಬ್ಯಾಡೋ?

— ಹೆಸರು ಬೇಡ, ಬೆಟಗೇರಿ

ಉತ್ತರ: ಹೊಟ್ಟೆಕಿಚ್ಚು ಸ್ವಲ್ಪ ಇದೆ ತಂಗೀ, ಇರಲಿ ಬಿಡಿ. ಅಷ್ಟಕ್ಕೆ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಬೇಕಾಗಿಲ್ಲ. ಆದರೆ ನಿಮ್ಮನ್ನು ನೋಯಿಸಿದ್ದು ಕಿಟಕಿ ಅಲ್ಲ ಎನ್ನಿಸುತ್ತದೆ ನನಗೆ. ಮಾವನವರ ಗುಳಿಗೆ ಯಾವ ಹೊತ್ತಿಗೆ ಎಂದು ಬಲ್ಲವರು ನೀವು, ಅತ್ತೆಯ ಮೊಣಕಾಲಿಗೆ ಎಣ್ಣೆ ಕಾಸಿದವರು ನೀವು. ಸಂಭ್ರಮದ ಮೂರು ದಿನ ಬಂದಾಗ ಅವರಿಬ್ಬರೂ ಇನ್ನೊಬ್ಬ ಮಗನ ಮಗ್ಗುಲಿಗೆ ಹೋಗುತ್ತಾರೆ, ನೀವು ಕೆಳಗಿಳಿಯುತ್ತೀರಿ. ಇದು ಯಾರಿಗಾದರೂ ಚುಚ್ಚುತ್ತದೆ.

ಮೈದುನನೂ ಕೆಟ್ಟವನಲ್ಲ. ಪರದೇಶಕ್ಕೆ ಹೋದ ಮಕ್ಕಳ ಮನಸ್ಸಿನಲ್ಲಿ ಒಂದು ಬಾಕಿ ಲೆಕ್ಕ ಓಡುತ್ತಲೇ ಇರುತ್ತದೆ: ಅಪ್ಪನ ಆಪರೇಷನ್ನಿಗೆ ಬರಲಾಗಲಿಲ್ಲ, ಜಾತ್ರೆಗೆ ಬರಲಾಗಲಿಲ್ಲ, ಅವ್ವ ಮಾಡಿದ ಹೋಳಿಗೆ ತಿನ್ನಲಿಲ್ಲ. ಆ ಬಾಕಿಯನ್ನೆಲ್ಲ ಅವನು ಮೂರು ರಾತ್ರಿಯಲ್ಲಿ ತೀರಿಸಲು ಹೊರಟಿದ್ದಾನೆ. ಅಪ್ಪ-ಅವ್ವ ತನ್ನ ಖೋಲಿಯಲ್ಲೇ ಇರಲಿ ಎಂಬ ಆಸೆಯೂ ಅದರದೇ ಭಾಗ. ನಿಮಗೆ ದಿನವೂ ಸಿಗುವುದು ಅವನಿಗೆ ಸಿಗುವುದಿಲ್ಲ. ದಿನವೂ ಸಿಗುವುದರ ಭಾರ ಎಷ್ಟೆಂದು ಅವನಿಗೆ ತಿಳಿಯದು, ಅಷ್ಟೆ.

ಆದರೆ ಅವನ ಯೋಜನೆಯಲ್ಲಿ ಅವನೂ ಗಮನಿಸದ ಒಂದು ತೊಡಕು ಇರಬಹುದು. ದೊಡ್ಡ ಹಡಗುಗಳಲ್ಲಿ ಸೂಟು ಎಂದರೆ ಬರೀ ದೊಡ್ಡ ಖೋಲಿ ಅಲ್ಲ, ಎಷ್ಟೋ ಕಡೆ ಅದು ಬೇರೆ ಓಣಿಯೇ. ಸಿಂಗಪುರದಿಂದ ಹೊರಡುವ ಹಡಗೆಂದು ನಮ್ಮ ಜನಕ್ಕೆ ಪರಿಚಯವಾದ ಗೆಂಟಿಂಗ್ ಡ್ರೀಮ್‌ನಲ್ಲಿ 'ದಿ ಪ್ಯಾಲೇಸ್' ಎಂಬ ಭಾಗವಿದೆ. ನಾರ್ವೇಜಿಯನ್ ಕಂಪನಿಯ ಹಡಗುಗಳಲ್ಲಿ ಅದಕ್ಕೆ 'ದಿ ಹೇವನ್' ಎನ್ನುತ್ತಾರೆ, ಎಂಎಸ್‌ಸಿ ಹಡಗುಗಳಲ್ಲಿ 'ಯಾಟ್ ಕ್ಲಬ್'. ಅಲ್ಲಿ ಸೂಟಿನವರಿಗೆ ಊಟದ ಮನೆ ಬೇರೆ, ಈಜುಕೊಳ ಬೇರೆ, ಕರೆದರೆ ಬರುವ ಬಟ್ಲರ್ ಬೇರೆ. ಬಾಗಿಲು ತೆರೆಯುವುದು ಸೂಟಿನ ಕಾರ್ಡಿಗೆ ಮಾತ್ರ. ಸಾಮಾನ್ಯ ಖೋಲಿಯ ಕಾರ್ಡು ಹಿಡಿದವರು ಸ್ವಂತ ಮಗನಾದರೂ ಸೊಸೆಯಾದರೂ ಆಚೆಯೇ. ಅಂದರೆ ಐವತ್ತು ವರ್ಷ ತುಂಬಿದ ಬೆಳಗ್ಗೆ ಅಜ್ಜ-ಅಜ್ಜಿ ಮೇಲೆ ನಾಷ್ಟಾ ಮಾಡುತ್ತಿರುತ್ತಾರೆ, ನಿಮ್ಮ ಮಕ್ಕಳು ಕೆಳಗೆ ಬಫೆಯ ಸಾಲಿನಲ್ಲಿ ತಟ್ಟೆ ಹಿಡಿದಿರುತ್ತಾರೆ. ಟಿಕೆಟ್ ಏಜೆಂಟರು ತೋರಿಸುವುದು ಬಾತ್‌ಟಬ್ಬಿನ ಫೋಟೋ, ಈ ಬಾಗಿಲಿನದಲ್ಲ. ಮೈದುನ ಹಿಡಿದ ಸೂಟಿಗೂ ಇಂಥ ಕಟ್ಟಳೆ ಇದೆಯೋ ಎಂಬುದನ್ನು ಮೊದಲು ಕೇಳಬೇಕು. ಇದ್ದರೆ, ಹತ್ತು ಜನರ ಹಬ್ಬಕ್ಕೆ ಅದು ಹೊಂದುವುದಿಲ್ಲ ಎಂದು ಖಂಡಿತವಾಗಿ ಹೇಳುತ್ತೇನೆ.

(ಇಡೀ ಮನೆಯೇ ಹಿಡಿಸುವ ಸೂಟೂ ಉಂಟು. ರಾಯಲ್ ಕೆರಿಬಿಯನ್ ಕಂಪನಿಯ 'ಸ್ಪೆಕ್ಟ್ರಮ್ ಆಫ್ ದಿ ಸೀಸ್' ಹಡಗಿನಲ್ಲಿ ಎರಡಂತಸ್ತಿನ ಸೂಟೊಂದರಲ್ಲಿ ಹನ್ನೊಂದು ಮಂದಿವರೆಗೆ ಇರಬಹುದು, ಮೇಲಿಂದ ಕೆಳಗಿಳಿಯಲು ಮಕ್ಕಳಿಗೆ ಜಾರುಬಂಡಿ ಬೇರೆ. ಅದರ ದರ ಕೇಳಿದರೆ ಮಾವನವರು ಹೊಲದ ಉತಾರ ಹುಡುಕಲು ಏಳುತ್ತಾರೆ.)

ಇನ್ನು ಕಿಟಕಿಯಿಲ್ಲದ ಖೋಲಿ. ಅದನ್ನು ಅವಮಾನವೆಂದು ಎಣಿಸಬೇಡಿ. ಹಡಗಿನ ಹೊಟ್ಟೆಯೊಳಗೆ ಬರುವ ಈ ಖೋಲಿಗಳೇ ಎಲ್ಲಕ್ಕಿಂತ ಅಗ್ಗ. ತಿಳಿದು ಪ್ರಯಾಣ ಮಾಡುವವರು ಬೇಕೆಂದೇ ಅವನ್ನು ಹಿಡಿಯುತ್ತಾರೆ, ಏಕೆಂದರೆ ಮಲಗುವ ಹೊತ್ತು ಬಿಟ್ಟರೆ ಯಾರೂ ಒಳಗೆ ಕೂರುವುದಿಲ್ಲ. ನಾಟಕಶಾಲೆ, ಈಜುಕೊಳ, ದೊಡ್ಡ ಊಟದ ಮನೆ, ಮೇಲಿನ ಬಯಲು ಅಂತಸ್ತು ಎಲ್ಲರಿಗೂ ಒಂದೇ. ಆದರೆ ನಾಲ್ಕು ಜನಕ್ಕೆ ಅದು ಇಕ್ಕಟ್ಟು ಎಂಬುದು ನಿಜ: ಕೆಳಗೆ ಎರಡು ಹಾಸಿಗೆ, ರಾತ್ರಿ ಗೋಡೆಯಿಂದಲೋ ಚಾವಣಿಯಿಂದಲೋ ಇಳಿಸುವ ಎರಡು ಬರ್ತು, ನಾಲ್ವರಿಗೂ ಒಂದೇ ಸಣ್ಣ ಬಚ್ಚಲು. ದೀಪ ಆರಿಸಿದರೆ ಬೆಳಗೋ ರಾತ್ರಿಯೋ ಗೊತ್ತಾಗದು. ಹರೆಯಕ್ಕೆ ಬಂದ ಮಕ್ಕಳಿದ್ದರೆ ಕಷ್ಟ, ಸಣ್ಣವರಿದ್ದರೆ ಅವರಿಗೆ ಆ ಮೇಲಿನ ಬರ್ತೇ ಹಬ್ಬ.

ಸೂಟು ಅತ್ತೆ-ಮಾವನವರಿಗೆ ಒಳ್ಳೆಯದೋ ಅಲ್ಲವೋ ಎಂಬುದನ್ನೂ ಯೋಚಿಸಿ. ಹಡಗು ತೂಗಿದಾಗ ಹೆಚ್ಚು ಅಲುಗಾಡುವುದು ಮೇಲಿನ ಅಂತಸ್ತುಗಳು ಮತ್ತು ಎರಡೂ ತುದಿ. ಕಡಿಮೆ ಅಲುಗುವುದು ಕೆಳಗಿನ, ನಟ್ಟನಡುವಿನ ಖೋಲಿಗಳು. ದುಬಾರಿ ಸೂಟುಗಳು ಬಹುಪಾಲು ಮೇಲೆಯೇ ಇರುತ್ತವೆ. ಸಿಂಗಪುರದ ಹಡಗುಗಳು ಓಡಾಡುವ ಮಲಾಕಾ ಜಲಸಂಧಿ ಸಾಮಾನ್ಯವಾಗಿ ಶಾಂತ, ಹೆದರಬೇಕಾಗಿಲ್ಲ. ಆದರೂ ಬಸ್ಸಿನಲ್ಲಿ ವಾಂತಿಯಾಗುವವರು ಮನೆಯಲ್ಲಿದ್ದರೆ ಮೊದಲೇ ಡಾಕ್ಟರರನ್ನು ಕೇಳಿ ಗುಳಿಗೆ ಇಟ್ಟುಕೊಳ್ಳಿ. ಅದಕ್ಕಿಂತ ಮುಖ್ಯ ನಡಿಗೆ. ಗೆಂಟಿಂಗ್ ಡ್ರೀಮ್ ಸುಮಾರು 335 ಮೀಟರ್ ಉದ್ದದ ಹಡಗು. ಊಟದ ಮನೆ ಒಂದು ತುದಿಗೆ, ಖೋಲಿ ಇನ್ನೊಂದು ತುದಿಗೆ ಬಂದರೆ ದಿನಕ್ಕೆ ಮೂರು ಸಲ ಆ ಮೊಣಕಾಲು ಅಷ್ಟು ದೂರ ಹೋಗಿ ಬರಬೇಕು. ಸೂಟು ಬೇಕೇ ಬೇಡವೇ ಎನ್ನುವುದಕ್ಕಿಂತ ಲಿಫ್ಟಿನ ಹತ್ತಿರದ ಖೋಲಿ ಬೇಕು ಎನ್ನಿ.

ಮಾವನವರ ಶುಗರ್ ಔಷಧಿ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಗಳನ್ನು ಬಂದರಿನಲ್ಲೇ ಒಯ್ದು, ತಾಸುಗಟ್ಟಲೆ ಬಿಟ್ಟು ಖೋಲಿಗೆ ತಂದಿಡುತ್ತಾರೆ. ಅತ್ತೆಯವರು ಇಷ್ಟಲಿಂಗ ಪೂಜೆ ಮಾಡಿಕೊಳ್ಳುವವರಾದರೆ ವಿಭೂತಿ ಒಯ್ಯಲು ಅಡ್ಡಿಯಿಲ್ಲ, ಆದರೆ ಊದಿನಕಡ್ಡಿ, ಕರ್ಪೂರ, ದೀಪ ಹಚ್ಚುವಂತಿಲ್ಲ. ಹಡಗಿನಲ್ಲಿ ಬೆಂಕಿಗಿಂತ ದೊಡ್ಡ ಭಯವಿಲ್ಲ. ಇದನ್ನು ಊರಲ್ಲೇ ಹೇಳಿಬಿಡಿ, ಅಲ್ಲಿ ಹೋಗಿ ಗೊತ್ತಾದರೆ ಮುಖ ಸಣ್ಣದಾಗುತ್ತದೆ. ಸಿಂಗಪುರದಿಂದ ಹೊರಡುವ ಹಡಗುಗಳಲ್ಲಿ ಭಾರತೀಯ ಸಸ್ಯಾಹಾರ ಸಿಗುತ್ತದೆ, ಟಿಕೆಟ್ ಹಿಡಿಯುವಾಗಲೇ ಬರೆಸಬೇಕು. ಕಟ್ಟಿಕೊಂಡು ಹೋದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮಾತ್ರ ನಂಬಬೇಡಿ. ಮನೆಯ ಅಡುಗೆಯನ್ನು ಹಡಗಿನವರು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಈಗ ಮಾತಾಡುವ ವಿಷಯ. ಗ್ರೂಪಿನಲ್ಲಿ ಒಂದಕ್ಷರ ಬರೆಯಬೇಡಿ. ಅತ್ತೆಯ ಬಾಯಿಂದ ಹೇಳಿಸುವ ಉಪಾಯವೂ ಬೇಡ, ಇಬ್ಬರು ಮಕ್ಕಳ ನಡುವೆ ಆಕೆಯನ್ನು ನಿಲ್ಲಿಸಿದಂತಾಗುತ್ತದೆ. ನಿಮ್ಮ ಯಜಮಾನರು ಅಂಗಡಿ ಮುಚ್ಚಿದ ಮೇಲೆ ತಮ್ಮನಿಗೆ ತಾವೇ ಫೋನ್ ಮಾಡಲಿ. "ನಮಗ ಕೆಳಗಿನ ಖೋಲಿ ಯಾಕ ಕೊಟ್ಟಿ" ಎಂದು ಶುರು ಮಾಡಿದರೆ ಮಾತು ಅಲ್ಲೇ ಕೆಡುತ್ತದೆ. "ತಮ್ಮಾ, ನೀ ಇಷ್ಟು ದೊಡ್ಡ ವಿಚಾರ ಮಾಡೀದಿ, ಖುಷಿ ಆತು. ಒಂದು ಕೇಳ್ತೀನಿ: ಆ ಸೂಟಿನ ಬದ್ಲಿ ಒಂದ ಸಾಲಿನ್ಯಾಗ ಮೂರು ಬಾಲ್ಕನಿ ಖೋಲಿ ಸಿಗ್ತಾವೇನು ನೋಡು. ಎಲ್ಲಾರೂ ಕೂಡಿ ಉಣ್ಣೂಣು" ಎನ್ನಲಿ. ಎಷ್ಟೋ ಸಲ ದೊಡ್ಡ ಸೂಟಿನ ದರದಲ್ಲಿ ಇಷ್ಟು ಖೋಲಿ ಹೊಂದಿಸಬಹುದು. ಒಳಬಾಗಿಲಿನಿಂದ ಸೇರಿಕೊಂಡ ಖೋಲಿಗಳೂ ಇರುತ್ತವೆ. ಅಕ್ಕಪಕ್ಕದ ಬಾಲ್ಕನಿಗಳ ನಡುವಿನ ತಡಿಕೆಯನ್ನು ಕೇಳಿಕೊಂಡರೆ ತೆಗೆದುಕೊಡುವ ಹಡಗುಗಳು ಹಲವು. ಆಗ ಸಂಜೆ ಹತ್ತೂ ಜನ ಒಂದೇ ಪಡಸಾಲೆಯಲ್ಲಿ ಕುಳಿತ ಹಾಗೆ. ಬೇಗ ಕೇಳಬೇಕು, ಇಂಥ ಖೋಲಿಗಳು ಮೊದಲು ಮುಗಿಯುತ್ತವೆ.

ಮೂರು ಖೋಲಿ ಎಂದೆ. ನಿಮಗೊಂದು, ಮೈದುನನಿಗೊಂದು, ಮೂರನೆಯದು ಅತ್ತೆ-ಮಾವನವರಿಗೆ. ಐವತ್ತು ವರ್ಷ ಸಂಸಾರ ಮಾಡಿದ ಗಂಡ-ಹೆಂಡತಿಗೆ ಮೊಮ್ಮಕ್ಕಳ ಗಲಾಟೆ ಇಲ್ಲದ, ಕದ ಹಾಕಿಕೊಳ್ಳುವ ಖೋಲಿಯೊಂದು ಬೇಕಾಗಬಹುದು ಎಂಬುದು ಅವನಿಗೂ ಹೊಳೆದಿಲ್ಲ, ನಿಮಗೂ ಹೊಳೆದಿಲ್ಲ. ವಾರ್ಷಿಕೋತ್ಸವ ಅವರದು ತಾನೇ!

ಸಾಲದ ಮಾತು ಬಿಟ್ಟುಬಿಡಿ. ಗದಗಿನ ಪಕ್ಕದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘ ಕಟ್ಟಿದ್ದು ರೈತರನ್ನು ಸಾಹುಕಾರರ ಬಡ್ಡಿಯಿಂದ ಬಿಡಿಸಲಿಕ್ಕೆ, ತಮ್ಮನಿಗೆ ಸರಿಸಮ ಎಂದು ತೋರಿಸಲು ಹಡಗು ಹತ್ತಲಿಕ್ಕಲ್ಲ. ಕೊಡಲೇಬೇಕೆಂದು ಯಜಮಾನರಿಗೆ ಅನ್ನಿಸಿದರೆ ಕೈಗೆ ನಿಲುಕುವುದನ್ನು ಕೊಡಲಿ: ಅಪ್ಪ-ಅವ್ವನ ಪಾಸ್‌ಪೋರ್ಟು, ವೀಸಾ, ಪ್ರವಾಸದ ವಿಮೆ, ವಿಮಾನ ನಿಲ್ದಾಣದವರೆಗಿನ ಗಾಡಿ. ಎಲ್ಲರಿಗೂ ಸೀರೆ-ಬಟ್ಟೆ ಅಂಗಡಿಯಿಂದಲೇ ಹೋಗಲಿ. ಇನ್ನೊಂದು ಎಚ್ಚರಿಕೆ. ಹಡಗಿನೊಳಗೆ ನಗದು ನಡೆಯುವುದಿಲ್ಲ, ಖೋಲಿಯ ಕಾರ್ಡು ಉಜ್ಜಿದರೆ ಲೆಕ್ಕಕ್ಕೆ ಬೀಳುತ್ತದೆ. ತಂಪು ಪಾನೀಯ, ಫೋಟೋ, ವೈಫೈ, ದಡದ ಸುತ್ತಾಟ, ಸೇವಕರ ಭಕ್ಷೀಸು ಹಲವು ಟಿಕೆಟ್‌ಗಳಲ್ಲಿ ಸೇರಿರುವುದಿಲ್ಲ. ಮಕ್ಕಳ ಕಾರ್ಡಿಗೆ ಮಿತಿ ಹಾಕಿಸಿ. ಹಡಗು ಬಿಟ್ಟ ಕೂಡಲೇ ಫೋನುಗಳನ್ನೆಲ್ಲ ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಸಮುದ್ರದ ರೋಮಿಂಗ್ ಬಿಲ್ಲು ಊರಿಗೆ ಬಂದ ಮೇಲೆ ಅಟ್ಟಿಸಿಕೊಂಡು ಬರುತ್ತದೆ. ಕಡೆಯ ದಿನ ಹಡಗಿನ ಬಿಲ್ಲನ್ನು ಯಾರು ತುಂಬುವುದು ಎಂಬುದನ್ನು ಅಣ್ಣತಮ್ಮಂದಿರು ಹತ್ತುವ ಮೊದಲೇ ಮಾತಾಡಿಕೊಳ್ಳಲಿ.

ಇದೆಲ್ಲಕ್ಕೂ ಮೊದಲು ಅತ್ತೆಯವರನ್ನು ಕೇಳಬೇಕು. "ನೀವು ಹೆಂಗಂತೀರಿ ಹಂಗ" ಎಂಬುದು ಒಪ್ಪಿಗೆ ಅಲ್ಲ, ನಿಮಗೂ ಗೊತ್ತು. ಯಾರೂ ಇಲ್ಲದಾಗ ಕೇಳಿ. ಆಕೆಗೆ ವಿಮಾನದ ಹೆದರಿಕೆ ಇದ್ದೀತು. ಪರದೇಶವೇ ಬೇಡ ಎಂದರೆ ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆಗೆ ಹೋಗುವ ಕಾರ್ಡೇಲಿಯಾ ಕಂಪನಿಯ ಹಡಗಿದೆ. ಅದು 1990ರಲ್ಲಿ ಓಡಾಟ ಶುರು ಮಾಡಿದ ಹಳೆಯ ಹಡಗು, ಸಿಂಗಪುರದವುಗಳಷ್ಟು ದೊಡ್ಡದಲ್ಲ. ಮುಂಬೈ-ಗೋವಾಕ್ಕೆ ಪಾಸ್‌ಪೋರ್ಟು ಬೇಕಿಲ್ಲ, ಆಧಾರ್ ಸಾಕು. ಹೊಸಪೇಟೆಯಿಂದ ಬರುವ ಮುಂಬೈ ಗಾಡಿಯನ್ನು ಗದಗಿನಲ್ಲೇ ಹತ್ತಬಹುದು, ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಗೊಡವೆ ಬೇಡ. ಲಕ್ಷದ್ವೀಪವೂ ಬೇಡ ಎನ್ನುತ್ತೇನೆ: ಅಲ್ಲಿ ಹಡಗು ದೂರ ನಿಲ್ಲುತ್ತದೆ, ಅಲುಗಾಡುವ ಸಣ್ಣ ದೋಣಿಗೆ ಇಳಿದು ದಡ ಸೇರಬೇಕು. ಮಾವನವರು ತುಂಗಭದ್ರೆಯಲ್ಲಿ ಹರಿಗೋಲು ಹತ್ತಿ ದಾಟಿದವರಿರಬಹುದು, ಅವರಿಗೆ ಅದೇ ಖುಷಿ. ಅತ್ತೆಯ ಮೊಣಕಾಲು ಒಪ್ಪುವುದಿಲ್ಲ.

ಕೊನೆಗೆ, ನಿಮಗೆ ಹಿಡಿಸಲಾರದ ಮಾತು. ನಿಮ್ಮ ಖೋಲಿಯ ಬಗ್ಗೆ ಅಷ್ಟು ಬರೆದಿರಿ, ಶಿರಹಟ್ಟಿಯ ನಾದಿನಿಯ ಬಗ್ಗೆ ಒಂದೇ ಸಾಲು. ಆಕೆಯೂ ಅದೇ ತಂದೆತಾಯಿಯ ಮಗಳು. ನಿಮಗೆ ಕಿಟಕಿ ಇಲ್ಲ, ಆಕೆಗೆ ಖೋಲಿಯೇ ಇಲ್ಲ. ತವರಿನವರು ಮರೆತರೆ ಹೆಣ್ಣುಮಗಳಿಗೆ ಏನಾಗುತ್ತದೆಂದು ಲಕ್ಷ್ಮೇಶ್ವರದಿಂದ ಬಂದ ನಿಮಗೆ ನಾನು ಹೇಳಬೇಕೇ? ಯಜಮಾನರು ತಮ್ಮನಿಗೆ ಮಾಡುವ ಆ ಫೋನಿನಲ್ಲೇ ಇದೂ ಬರಲಿ. ನಾದಿನಿಯ ಮನೆಯವರೆಲ್ಲರ ಖರ್ಚು ಮೈದುನನಿಗೆ ಭಾರವಾದರೆ ಹಡಗಿನ ಬದಲು ಊರಲ್ಲಿ ಎಲ್ಲರೂ ಸೇರುವ ಒಂದು ದಿನವನ್ನು ಗೊತ್ತು ಮಾಡಿ, ಅದರ ಜವಾಬ್ದಾರಿ ನೀವು ಹೊರಿ. ಆಕೆ ಬರುವುದಿಲ್ಲ ಎಂದರೆ ಆ ಮಾತು ಆಕೆಯ ಬಾಯಿಂದಲೇ ಬರಲಿ. ಗ್ರೂಪಿನ ಫೋಟೋ ನೋಡಿ ತಿಳಿಯುವಂತಾಗಬಾರದು.

ಸಿಂಗಪುರವೇ ಗಟ್ಟಿಯಾದರೆ ಈ ವಾರವೇ ಪಾಸ್‌ಪೋರ್ಟಿನ ಕೆಲಸಕ್ಕೆ ಕೂಡಿ. ಹಿರಿಯರ ಹೆಸರು ಆಧಾರಿನಲ್ಲಿ ಒಂದು, ಬ್ಯಾಂಕಿನಲ್ಲಿ ಒಂದು, ಹುಟ್ಟಿದ ತಾರೀಖು ಎಲ್ಲ ಕಡೆ ಜೂನ್ 1 ಎಂದಿರುವುದು ನಮ್ಮ ಕಡೆ ಸಾಮಾನ್ಯ. ಹುಬ್ಬಳ್ಳಿಯ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ. ಹಡಗು ತಿರುಗಿ ಸಿಂಗಪುರಕ್ಕೇ ಬರುವುದರಿಂದ ವೀಸಾ ಒಂದೇ ಸಲದ ಪ್ರವೇಶದ್ದಲ್ಲ ಎಂಬುದನ್ನೂ ಮೈದುನನಿಂದ ಖಚಿತ ಮಾಡಿಸಿಕೊಳ್ಳಿ.