ಹಳೆ ಜೀಪ್, ಹೊಸ ಎಂಜಿನ್: ಲೆಕ್ಕ ಹಾಕಿ ಗೆಲ್ಲಿ

ಊರಲ್ಲಿ ಅಪ್ಪನ ಕಾಲದ ಮಹೀಂದ್ರ ಜೀಪ್ ನಿಂತಿದೆಯಾ? ಸಕಲೇಶಪುರ, ಮಡಿಕೇರಿ, ಕೊಪ್ಪದ ತೋಟಗಳಲ್ಲಿ ಇಂಥವು ಇನ್ನೂ ದುಡಿಯುತ್ತಿವೆ. ಚಾಸಿ ಗಟ್ಟಿ, ಆಕ್ಸಲ್ ಗಟ್ಟಿ. ಪೆಟ್ರೋಲ್ ಬಿಲ್ ಮಾತ್ರ ಜೇಬಿಗೆ ಕತ್ತರಿ. ಈಗ ನಿಮ್ಮ ಕೈಗೆ ಸಂಬಳ ಬರುತ್ತಿದೆ, ಈ ಪ್ರಾಜೆಕ್ಟ್ ನಿಮ್ಮದು. "ಆಗುತ್ತೋ ಇಲ್ವೋ" ಅನ್ನುವುದು ಬರೀ ಒಂದು ಚಾಳಿ. ಅಳತೆ ಶುರು ಮಾಡಿ, ಬಿಟ್ಟುಹೋಗುತ್ತದೆ.

1. ಮೊದಲು ಮೈಲೇಜ್ ಅಳೆಯಿರಿ.
ಟ್ಯಾಂಕ್ ಫುಲ್ ಮಾಡಿಸಿ, ಓಡಿಸಿ, ಮತ್ತೆ ಫುಲ್ ಮಾಡಿಸಿ. ಅಂದಾಜು ಬೇಡ, ನಂಬರ್ ಬೇಕು. ಜೊತೆಗೆ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಕಾರ್ಬುರೇಟರ್ ಬಿಚ್ಚಿಸಿ, ಬ್ರೇಕ್ ಹಿಡಿದುಕೊಂಡಿದೆಯಾ ಅಂತ ಚಕ್ರ ಎತ್ತಿ ತಿರುಗಿಸಿ ನೋಡಿ. ಬ್ರೇಕ್ ಎಳೆಯುತ್ತಿದ್ದರೆ ಯಾವ ಎಂಜಿನ್ ಹಾಕಿದರೂ ಎಣ್ಣೆ ಕುಡಿಯುತ್ತದೆ.

2. ಕಿಲೋಮೀಟರ್ ಲೆಕ್ಕಕ್ಕೆ ಮಣಿಯಿರಿ.
ಈಗ ಲೀಟರಿಗೆ 6 ಕಿ.ಮೀ. ಕೊಡುತ್ತಿದೆ, ಡೀಸೆಲ್ ಎಂಜಿನ್ ಹಾಕಿಸಿದರೆ 11 ಕೊಡುತ್ತದೆ ಅಂದುಕೊಳ್ಳಿ. ಪೆಟ್ರೋಲ್ 100 ರೂಪಾಯಿ, ಡೀಸೆಲ್ 90 ಎಂದಿಟ್ಟುಕೊಳ್ಳಿ. ಕಿ.ಮೀ.ಗೆ ಸುಮಾರು 16.70 ರೂಪಾಯಿ ಇದ್ದದ್ದು 8.20ಕ್ಕೆ ಇಳಿಯಿತು. ಉಳಿತಾಯ ಎಂಟೂವರೆ ರೂಪಾಯಿ. ಎಂಜಿನ್, ಕೂಲಿ, ಎಲ್ಲ ಸೇರಿ 1.7 ಲಕ್ಷ ಬಿದ್ದರೆ 20,000 ಕಿ.ಮೀ. ಓಡಿದ ಮೇಲೆ ಅಸಲು ವಾಪಸ್. ವರ್ಷಕ್ಕೆ 5,000 ಕಿ.ಮೀ. ಓಡುವ ತೋಟದ ಜೀಪಿಗೆ ನಾಲ್ಕು ವರ್ಷ: ಕೈ ಹಾಕಿ. ಹಬ್ಬಕ್ಕೆ ಊರಿಗೆ ಹೋದಾಗ ಮಾತ್ರ ತೆಗೆಯುವ ಜೀಪಿಗೆ ಇಪ್ಪತ್ತು ವರ್ಷ: ಇರುವ ಎಂಜಿನ್ನನ್ನೇ ಬೋರ್ ಮಾಡಿಸಿ, ಸುಮ್ಮನಿರಿ. ನಿಮ್ಮ ಪಂಪಿನ ಇವತ್ತಿನ ದರ ಹಾಕಿ ಈ ಲೆಕ್ಕವನ್ನು ನೀವೇ ಮಾಡಿ.



3. ಗ್ಯಾರೇಜಿಗಿಂತ ಮೊದಲು ಆರ್‌ಟಿಒ ಕಚೇರಿಗೆ ಹೋಗಿ.
ಮೋಟಾರು ವಾಹನ ಕಾಯ್ದೆ, 1988ರ ಸೆಕ್ಷನ್ 52 ಎಂಜಿನ್ ಬದಲಾವಣೆಗೂ ಅನ್ವಯಿಸುತ್ತದೆ. ಎಂಜಿನ್ ನಂಬರ್, ಸಿಸಿ, ಇಂಧನ, ಮೂರೂ ಆರ್‌ಸಿಗೆ ಹೊಂದಲೇಬೇಕು. 2019ರ ತಿದ್ದುಪಡಿಯ ನಂತರ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. "ಎಲ್ಲರೂ ಮಾಡಿಸಿದ್ದಾರೆ ಸಾರ್" ಅನ್ನುವ ಮೆಕ್ಯಾನಿಕ್ ಇನ್ಶೂರೆನ್ಸ್ ಕ್ಲೇಮ್ ಹೊತ್ತಿಗೆ ಫೋನ್ ಎತ್ತುವುದಿಲ್ಲ. ಡೀಸೆಲ್‌ಗೆ ಅನುಮತಿ ಸಿಗದಿದ್ದರೆ ವಾದ ಬೇಡ. ಅದೇ ಮಾದರಿಯ ಒಳ್ಳೆಯ ಎಂಜಿನ್ ಹುಡುಕಿ. ಅಲ್ಲೂ ಅನುಮತಿ ಪಡೆದೇ ಹಾಕಿಸಿ.

4. ಎಚ್‌ಪಿ ಹಿಂದೆ ಓಡಬೇಡಿ, ತೆವಳುವಾಗ ಎಷ್ಟು ಎಣ್ಣೆ ಕುಡಿಯುತ್ತದೆ ನೋಡಿ.
ಮಹೀಂದ್ರದ ಹಳೆ ಸಿಜೆ3ಬಿ ಜೀಪಿನಲ್ಲಿರುವುದು ವಿಲ್ಲೀಸ್‌ನ 2.2 ಲೀಟರ್ ಹರಿಕೇನ್ ಪೆಟ್ರೋಲ್ ಎಂಜಿನ್, 70ಕ್ಕೂ ಹೆಚ್ಚು ಎಚ್‌ಪಿ. 1980ರ ದಶಕದಲ್ಲಿ ಮಹೀಂದ್ರ ಎಂಎಂ540ಗೆ ಕೂರಿಸಿದ ಪೂಜೋ ಎಕ್ಸ್‌ಡಿಪಿ 4.90 ಡೀಸೆಲ್ 2112 ಸಿಸಿ, 62 ಎಚ್‌ಪಿ. ಕಾಗದದ ಮೇಲೆ ಇದು ಸೋತಂತೆ ಕಾಣುತ್ತದೆ. ತೋಟದ ದಾರಿಯಲ್ಲಿ ಮೈಲೇಜ್ ಲೆಕ್ಕಕ್ಕೆ ಗೆಲ್ಲುವುದು ಇದೇ. ಕಾರಣ ಕೇಳಿ. ತೋಟದ ಜೀಪ್ ಬಹುಪಾಲು ಹೊತ್ತು ತೆವಳುತ್ತದೆ ಇಲ್ಲವೇ ನಿಂತಲ್ಲೇ ಗುರುಗುಡುತ್ತದೆ. ಪೆಟ್ರೋಲ್ ಎಂಜಿನ್ ಆಗ ಅರ್ಧ ಮುಚ್ಚಿದ ಥ್ರಾಟಲ್ ಮೂಲಕ ಗಾಳಿ ಎಳೆಯಲು ಹೆಣಗುತ್ತಾ ಶಕ್ತಿ ಪೋಲು ಮಾಡುತ್ತದೆ. ಹಳೆ ಡೀಸೆಲ್‌ಗೆ ಆ ಹೆಣಗಾಟ ಇಲ್ಲ, ಕಂಪ್ರೆಷನ್ ರೇಷಿಯೋ 20ಕ್ಕಿಂತ ಮೇಲೆ. ಹರಿಕೇನ್‌ದು ಏಳರ ಆಸುಪಾಸು.

ಹೈವೇ ಆಸೆ ಇದ್ದವರು ಇನ್ನೊಂದು ನೋಡಿ. ಸಿಜೆ3ಬಿ ಆಕ್ಸಲ್ ರೇಷಿಯೋ 5.38. ಹಳೆಯ 6.00-16 ಟೈರಿನಲ್ಲಿ ಟಾಪ್ ಗೇರ್‌ನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗುತ್ತದೆ, 80ಕ್ಕೆ 3,200. ಡೀಸೆಲ್ ಕಿರುಚುತ್ತದೆ, ಉಳಿಸಿದ ಮೈಲೇಜ್ ಅಲ್ಲೇ ಸೋರುತ್ತದೆ. ದಿನಾ ಬೆಂಗಳೂರು-ಹಾಸನ ಓಡುವ ಪ್ಲಾನ್ ಇದ್ದರೆ ಆಕ್ಸಲ್ ಗೇರನ್ನೂ ಬಜೆಟ್‌ಗೆ ಸೇರಿಸಿ.

5. ನಿಮ್ಮ ತಾಲ್ಲೂಕಿನಲ್ಲಿ ಸ್ಪೇರ್ ಸಿಗುವ ಎಂಜಿನ್ ಮಾತ್ರ ಆರಿಸಿ.
ಬೊಲೆರೋದಲ್ಲಿ ಬಂದ 2523 ಸಿಸಿಯ ಡಿಐ ಎಂಜಿನ್ ರಿಪೇರಿ ಮಾಡದ ಊರಿಲ್ಲ. ಅಪರೂಪದ ಇಂಪೋರ್ಟೆಡ್ ಎಂಜಿನ್ ಫೋಟೋಗೆ ಚೆಂದ. ಒಂದು ಗ್ಯಾಸ್ಕೆಟ್‌ಗಾಗಿ ಜೀಪ್ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತರೆ ಅದೇ ನಷ್ಟ.

6. ಸೆಕೆಂಡ್‌ಹ್ಯಾಂಡ್ ಎಂಜಿನ್ನನ್ನು ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿಸಿ.
ಹೋದ ತಕ್ಷಣ ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಓಡಿಸಿದ್ದಾರೆ. ಟೀ ಕುಡಿದು ಆರುವವರೆಗೆ ಕಾಯಿರಿ. ಸ್ಟಾರ್ಟ್ ಆದ ಮೇಲೆ ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಮಗುಚಿ, ಬಾಯಿಯ ಮೇಲೆ ಹಾಗೇ ಇಡಿ. ಸ್ವಲ್ಪ ನಡುಗಿದರೆ ಪರವಾಗಿಲ್ಲ. ಪುಸುಪುಸು ಹೊಗೆಯ ಜೊತೆ ಕುಣಿದು ಕೆಳಗೆ ಬಿದ್ದರೆ ರಿಂಗ್ ಸವೆದಿದೆ. ಬೆಲೆ ಇಳಿಸಿ, ಇಲ್ಲವೇ ಎದ್ದು ಬನ್ನಿ. ಮುಲಾಜು ಬೇಡ.

7. ಕೊಟೇಶನ್ ಬರೆಸಿಕೊಳ್ಳಿ, ಸಾಲು ಸಾಲಾಗಿ.
ಎಂಜಿನ್ ಬೆಲೆ ಬರೀ ಆರಂಭ. ಗೇರ್‌ಬಾಕ್ಸ್‌ಗೆ ಕೂರಿಸುವ ಅಡಾಪ್ಟರ್ ಪ್ಲೇಟ್ ಲೇತ್‌ನಲ್ಲಿ ಸರಿಯಾಗಿ ಸೆಂಟರ್ ಆಗಬೇಕು, ಇಲ್ಲದಿದ್ದರೆ ಕ್ಲಚ್ ಬೇರಿಂಗ್ ಬಾಳಿಕೆ ಬರುವುದಿಲ್ಲ. ಡೀಸೆಲ್ ಭಾರ ಜಾಸ್ತಿ, ಮುಂದಿನ ಲೀಫ್ ಸ್ಪ್ರಿಂಗ್ ಬಲಪಡಿಸಿ. ಸಂಪ್ ಮುಂದಿನ ಆಕ್ಸಲ್‌ಗೆ ತಾಗುತ್ತದಾ ನೋಡಿ. ದೊಡ್ಡ ಬ್ಯಾಟರಿ, ದೊಡ್ಡ ರೇಡಿಯೇಟರ್, ಡೀಸೆಲ್ ರಿಟರ್ನ್ ಪೈಪ್ ಬರೆಸಿ. ಬ್ರೇಕ್ ಬೂಸ್ಟರ್ ಇದ್ದರೆ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್ ಕಡ್ಡಾಯ. ಇದನ್ನು ಮರೆತರೆ ಇಳಿಜಾರಿನಲ್ಲಿ ಪೆಡಲ್ ಕಲ್ಲಾಗುತ್ತದೆ.

8. ಹಳೆ ಎಂಜಿನ್ ಗುಜರಿಗೆ ಹಾಕಬೇಡಿ.
ಕಂಪನಿಯಿಂದ ಬಂದ ಎಂಜಿನ್ ಜೊತೆಗಿದ್ದರೆ ಹಳೆ ಜೀಪ್ ಸಂಗ್ರಹಿಸುವವರು ಹೆಚ್ಚು ಬೆಲೆ ಕೊಡುತ್ತಾರೆ.

9. ಹೊಸ ಎಂಜಿನ್ ಕೂತ ಮೇಲೆ ಮತ್ತೆ ಟ್ಯಾಂಕ್ ಫುಲ್ ಟೆಸ್ಟ್ ಮಾಡಿ.
ಅದೇ ದಾರಿ, ಅದೇ ಲೋಡ್ ಇರಲಿ. ಲೆಕ್ಕದಲ್ಲಿ ಬರೆದ 11 ಬರದೆ 8 ಬಂದರೆ ಸುಮ್ಮನಾಗಬೇಡಿ. ಡೀಸೆಲ್ ಪಂಪಿನ ಟೈಮಿಂಗ್, ನಾಜಲ್ ಚೆಕ್ ಮಾಡಿಸಿ, ಅದಾಗುವವರೆಗೆ ಕೊನೆಯ ಕಂತಿನ ದುಡ್ಡು ಕೊಡಬೇಡಿ.