ಗುಳಿಗೆ ನುಂಗಿದ ಮೇಲೆ ಗುಣವಾದರೆ, ಗುಳಿಗೆಯಿಂದಲೇ ಗುಣವಾಯಿತೇ?



ಜೋಳದ ಖಡಕ್ ರೊಟ್ಟಿಯ ಒಂದು ತುಣುಕನ್ನು ಅಗಿದು ನೋಡಿ. ಸ್ವಲ್ಪ ಹೊತ್ತಿಗೆ ಮೆತ್ತಗಾಗಿ ಗಂಟಲಲ್ಲಿ ಇಳಿಯುತ್ತದೆ. ಇದು ಲಾಲಾರಸದ ಕೆಲಸ. ಆ ರಸವೇ ಬರದಿದ್ದರೆ?

ಉಮರ್ಗಾ, ನಿಲಂಗಾ, ಉದಗೀರ ಕಡೆಯ ನಮಗೆ ಬೇಸಿಗೆಯಲ್ಲಿ ಬಾಯಿ ಒಣಗುವುದು ಹೊಸದಲ್ಲ. ಒಂದು ತಂಬಿಗೆ ನೀರು ಕುಡಿದರೆ ಆಯ್ತು. ಆದರೆ ಕೆಲವರಿಗೆ ಎಷ್ಟು ನೀರು ಕುಡಿದರೂ ಬಾಯಿ ಒಣಗಿಯೇ ಇರುತ್ತದೆ. ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುತ್ತದೆ. ಇದಕ್ಕೆ ಒಂದು ಕಾರಣ ಶೋಗ್ರೆನ್ ಕಾಯಿಲೆ. ಸ್ವೀಡನ್ ದೇಶದ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ಇದನ್ನು ವಿವರವಾಗಿ ಬರೆದರು.

ರೋಗಾಣುಗಳೊಡನೆ ಹೋರಾಡಬೇಕಾದ ಬಿಳಿ ರಕ್ತಕಣಗಳು ಇಲ್ಲಿ ಲಾಲಾರಸದ ಮತ್ತು ಕಣ್ಣೀರಿನ ಗ್ರಂಥಿಗಳ ಮೇಲೆಯೇ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ! ಇದು ಅಂಟುರೋಗವಲ್ಲ. ಹೆಚ್ಚಾಗಿ ನಡುವಯಸ್ಸಿನ ಹೆಂಗಸರಲ್ಲಿ ಕಾಣುತ್ತದೆ.

ಈಗ ಪ್ರಶ್ನೆ. ರೋಗಿಯೊಬ್ಬರು "ಗುಳಿಗಿ ನುಂಗಿದೆ, ಆರಾಮ ಆತು" ಅಂದರೆ, ಆ ಗುಳಿಗೆ ಕೆಲಸ ಮಾಡಿತು ಅನ್ನಬಹುದೇ? ಅವಸರ ಬೇಡ. ಈ ಕಾಯಿಲೆಯ ಕಾಟ ಒಮ್ಮೆ ಏರುತ್ತದೆ, ಒಮ್ಮೆ ತಾನಾಗಿಯೇ ಇಳಿಯುತ್ತದೆ. ಔಷಧ ಸಿಕ್ಕಿತೆಂಬ ಭರವಸೆಯಿಂದಲೂ ಹಗುರ ಅನಿಸಬಹುದು.

ಹೈಡ್ರಾಕ್ಸಿಕ್ಲೋರೊಕ್ವಿನ್ ಮೂಲತಃ ಮಲೇರಿಯಾದ ಔಷಧ. ಅದನ್ನು ವೈದ್ಯರು ಈ ಕಾಯಿಲೆಗೂ ಕೊಡುತ್ತ ಬಂದಿದ್ದರು. ಅದು ನಿಜವಾಗಿ ಉಪಯೋಗವೇ ಎಂದು ಫ್ರಾನ್ಸಿನ 15 ಆಸ್ಪತ್ರೆಗಳಲ್ಲಿ 120 ರೋಗಿಗಳ ಮೇಲೆ ಪರೀಕ್ಷೆ ನಡೆಯಿತು. 56 ಮಂದಿಗೆ ಔಷಧ. 64 ಮಂದಿಗೆ ನೋಡಲು ಹಾಗೆಯೇ ಇರುವ, ಆದರೆ ಔಷಧವಿಲ್ಲದ ಗುಳಿಗೆ. ಇದಕ್ಕೆ ಪ್ಲಾಸಿಬೊ ಎನ್ನುತ್ತಾರೆ. ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಯಿತು. ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ.

ಒಣಗುವಿಕೆ, ನೋವು, ದಣಿವು ಈ ಮೂರಕ್ಕೂ ರೋಗಿಗಳು ಅಂಕ ಕೊಟ್ಟರು. ಮೂರರಲ್ಲಿ ಎರಡಾದರೂ ಶೇ. 30ರಷ್ಟು ಇಳಿದರೆ 'ಸುಧಾರಣೆ' ಎಂದು ಮೊದಲೇ ನಿಯಮ ಮಾಡಿದ್ದರು. 24 ವಾರಗಳ ನಂತರ:

ಔಷಧದ ಗುಂಪು: 56ರಲ್ಲಿ 10 ಮಂದಿ, ಶೇ. 17.9
ಪ್ಲಾಸಿಬೊ ಗುಂಪು: 64ರಲ್ಲಿ 11 ಮಂದಿ, ಶೇ. 17.2

ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಎರಡನೆಯ ಗುಂಪು ಇಲ್ಲದಿದ್ದರೆ? "ಹತ್ತು ಮಂದಿಗೆ ಗುಣ" ಎಂದು ನಾವು ನಂಬಿಬಿಡುತ್ತಿದ್ದೆವು. ಈ ಫಲಿತಾಂಶ 2014ರಲ್ಲಿ ಪ್ರಕಟವಾಯಿತು.

ಹಾಗಂತ ಈ ಔಷಧವೇ ಕೆಲಸಕ್ಕೆ ಬಾರದ್ದು ಎಂದಲ್ಲ. ಬೇರೆ ಕಾಯಿಲೆಗಳಲ್ಲಿ ಇದು ಉಪಯುಕ್ತ. ಮನೆಯಲ್ಲಿ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬಹುಕಾಲ ನುಂಗಿದರೆ ಕಣ್ಣಿನ ಅಕ್ಷಿಪಟಲಕ್ಕೆ ತೊಂದರೆಯಾಗಬಹುದು. ಅದಕ್ಕೇ ಕಣ್ಣಿನ ತಪಾಸಣೆ ಬೇಕು. ಲಾಭ ಎಷ್ಟು, ಅಪಾಯ ಎಷ್ಟು ಎಂದು ತೂಗಲು ಇಂಥ ಪರೀಕ್ಷೆಗಳೇ ತಕ್ಕಡಿ.

ನಮ್ಮ ದೇಶದಲ್ಲಿ 2009ರಿಂದ ಔಷಧ ಪರೀಕ್ಷೆಗಳನ್ನು ಶುರುವಿಗೆ ಮೊದಲೇ ಸಾರ್ವಜನಿಕ ದಾಖಲೆಯಲ್ಲಿ ನೋಂದಾಯಿಸುವುದು ಕಡ್ಡಾಯ. ಸೋತ ಪರೀಕ್ಷೆಯನ್ನು ಸುಮ್ಮನೆ ಮುಚ್ಚಿಡಲು ಇದು ಬಿಡುವುದಿಲ್ಲ.

ಮಾಡಿ ನೋಡಿ: ತರಗತಿಯನ್ನು ಮೊದಲು ಮುಂದಿನ ಬೆಂಚು, ಹಿಂದಿನ ಬೆಂಚು ಎಂದು ಎರಡು ಗುಂಪು ಮಾಡಿ. ಎರಡರ ಸರಾಸರಿ ಎತ್ತರ ಲೆಕ್ಕ ಹಾಕಿ. ಆಮೇಲೆ ಚೀಟಿ ಎತ್ತಿ ಗುಂಪು ಮಾಡಿ, ಮತ್ತೆ ಲೆಕ್ಕ ಹಾಕಿ. ರೋಗಿಗಳನ್ನು ಚೀಟಿಯಂತೆ ಏಕೆ ಹಂಚುತ್ತಾರೆ ಎಂಬುದಕ್ಕೆ ಉತ್ತರ ನಿಮ್ಮ ವಹಿಯಲ್ಲೇ ಸಿಗುತ್ತದೆ.