ವಿದ್ಯಾರ್ಥಿನಿಯ ರಾಯಭಾರ

ನಾನಾ ದೇಶದವರು ಕೂಡಿ ಕಲಿಯುವ ಕಾಲೇಜುಗಳಲ್ಲಿ ಹೊಸಬರನ್ನು ಎದುರುಗೊಂಡು, ಅಲ್ಲಿನ ಪಾಠ, ವಸತಿ, ವೆಚ್ಚಗಳನ್ನು ತಿಳಿಸುವ ಹಿರಿಯ ವಿದ್ಯಾರ್ಥಿನಿಗೆ ವಿದ್ಯಾರ್ಥಿ ರಾಯಭಾರಿಯೆಂದು ಹೆಸರು. ಆಕೆಗೆ ವಾಕ್ಚಾತುರ್ಯಕ್ಕಿಂತಲೂ ಸತ್ಯವು ಮುಖ್ಯ. ನಮ್ಮ ಸಂತೆಮರಹಳ್ಳಿಯ ಹೆಸರಿನಲ್ಲಿಯೇ ಸಂತೆಯಿದೆ. ತೂಕದಲ್ಲಿ ಮೋಸಮಾಡಿದವನ ಬಳಿಗೆ ಮರುವಾರ ಯಾರೂ ಹೋಗರು. ಕಾಲೇಜನ್ನು ಹೊಗಳಿ ಅಲ್ಲಿಯ ಕಷ್ಟವನ್ನು ಮರೆಮಾಚಿದರೆ, ಆ ಮಾತನ್ನು ನಂಬಿ ಸಾಲಮಾಡಿ ಬಂದ ಬಡ ಹುಡುಗಿಯ ಗತಿಯೇನು?

ಮೈಸೂರು ಸಂಸ್ಥಾನದ ರಾಜೇಶ್ವರಿ ಚಟರ್ಜಿಯವರು 1947ರಲ್ಲಿ ವಿದ್ಯಾರ್ಥಿವೇತನ ಪಡೆದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿ, 1953ರಲ್ಲಿ ಹಿಂದಿರುಗಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬೋಧಿಸಿದರು. ಬಿರುದಿಲ್ಲದೆಯೂ ಅವರು ರಾಯಭಾರಿಯೇ. ಮುಂದೆ ಹೋದವರು ಹಿಂದೆ ಬರುವವರಿಗೆ ದಾರಿ ತೋರಿಸುವುದೇ ರಾಯಭಾರವು. ಇದನ್ನು ಬಯಸುವವಳು ಇಂದೇ ಶಾಲೆಗೆ ಹೊಸದಾಗಿ ಬಂದ ಹುಡುಗಿಯ ಕೈಹಿಡಿದು ಅಭ್ಯಾಸಮಾಡಲಿ.